ಊಟದ ಮೇಜು, ಜಾಜ್ ಸಂಗೀತ ಮತ್ತು ನಮ್ಮ ಕಿವಿ

ಊಟವೂ ಸಂಗೀತವೂ ಒಂದೇ ಕಾಲದಲ್ಲಿ, ಒಂದೇ ಕೊಠಡಿಯಲ್ಲಿ ನಡೆಯುವುದು ಪಾಶ್ಚಾತ್ಯ ನಗರಗಳ ಅನೇಕ ಜಾಜ್ ಕ್ಲಬ್ಬುಗಳ ಪದ್ಧತಿ. ಲಂಡನ್ನಿನಲ್ಲಿ 1959ರಲ್ಲಿ ಆರಂಭವಾಗಿ, 1965ರಲ್ಲಿ ಫ್ರಿತ್ ಬೀದಿಗೆ ಬಂದು ನೆಲಸಿದ ರೋನಿ ಸ್ಕಾಟ್ ಕ್ಲಬ್ಬು ಇದಕ್ಕೆ ಪ್ರಸಿದ್ಧ ನಿದರ್ಶನ. ಮಂದವಾದ ಬೆಳಕಿನಲ್ಲಿ ಚಿಕ್ಕ ಚಿಕ್ಕ ಮೇಜುಗಳು; ಅವುಗಳ ಸುತ್ತ ಊಟಮಾಡುತ್ತಿರುವ ಜನ; ಸಮೀಪದಲ್ಲಿಯೇ ವೇದಿಕೆಯ ಮೇಲೆ ವಾದಕರು. ತಟ್ಟೆಗೆ ಚಮಚ ತಾಗುತ್ತದೆ, ಗಾಜಿನ ಲೋಟಗಳು ಕಿಣಿಕಿಣಿ ಎನ್ನುತ್ತವೆ, ಮಾತು ನಗೆ ನಡೆದೇ ಇರುತ್ತವೆ. ಇಂತಹ ಸ್ಥಳದಲ್ಲಿ ಸಂಗೀತವು ಕೇಳಿಸುವುದಾದರೂ ಹೇಗೆ? ಕೇಳಿಸದೆ ಹೋಗುವುದು ಯಾವಾಗ? ಈ ಪ್ರಶ್ನೆಗಳನ್ನು ಭೌತಶಾಸ್ತ್ರದ ದೃಷ್ಟಿಯಿಂದ ಸ್ವಲ್ಪ ವಿಚಾರ ಮಾಡೋಣ.

ಇದಕ್ಕೆ ಒಂದು ಧ್ವನಿಮುದ್ರಿಕೆ ನಮಗೆ ನೆರವಾಗುತ್ತದೆ. ನ್ಯೂಯಾರ್ಕ್ ನಗರದಲ್ಲಿ ವಿಲೇಜ್ ವ್ಯಾನ್‌ಗಾರ್ಡ್ ಎಂಬ ಕ್ಲಬ್ಬಿದೆ. 1935ರಿಂದಲೂ ಅದು ಒಂದು ನೆಲಮಾಳಿಗೆಯಲ್ಲಿ ನಡೆಯುತ್ತಿದೆ. ಸುಮಾರು 120 ಜನ ಮಾತ್ರ ಹಿಡಿಯುವ, ಒಂದು ಕೊನೆಯಲ್ಲಿ ಕಿರಿದಾಗುತ್ತ ಹೋಗುವ ಕೊಠಡಿ ಅದು. 1961ನೆಯ ಇಸವಿ ಜೂನ್ 25, ಭಾನುವಾರ, ಅಲ್ಲಿ ಬಿಲ್ ಇವಾನ್ಸ್ ಪಿಯಾನೋವನ್ನೂ ಸ್ಕಾಟ್ ಲಫಾರೋ ಡಬಲ್ ಬೇಸ್ ಎಂಬ ದೊಡ್ಡ ತಂತಿವಾದ್ಯವನ್ನೂ ಪಾಲ್ ಮೋಷನ್ ಡ್ರಮ್ಮುಗಳನ್ನೂ ನುಡಿಸಿದರು. ಮಧ್ಯಾಹ್ನದಿಂದ ರಾತ್ರಿಯವರೆಗೆ ಐದು ಸರದಿ ನಡೆದ ಆ ವಾದನವನ್ನು ಮುದ್ರಿಸಿಕೊಳ್ಳಲಾಯಿತು. ಹನ್ನೊಂದು ದಿನಗಳ ತರುವಾಯ, ಜುಲೈ 6ರಂದು, ಲಫಾರೋ ಮೋಟಾರು ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ ಇಪ್ಪತ್ತೈದು ವರ್ಷ. ಆ ಮೂವರು ಕೂಡಿ ಮತ್ತೆ ಧ್ವನಿಮುದ್ರಣ ಮಾಡುವ ಸಂಭವವೇ ಉಳಿಯಲಿಲ್ಲ. ಆದುದರಿಂದ ಆ ದಿನ ಮಾತಿನ ಸದ್ದಿನಲ್ಲಿ ಮುಚ್ಚಿಹೋದ ಸ್ವರವು ಎಂದೆಂದಿಗೂ ಮುಚ್ಚಿಹೋದಂತೆಯೇ ಸರಿ.

ಈ ಮುದ್ರಿಕೆಯನ್ನು ಕೇಳುವಾಗ ನಮ್ಮನ್ನು ಮೊದಲು ಬೆರಗುಗೊಳಿಸುವುದು ಗಾಜಿನ ಕಿಣಿಕಿಣಿ. ಆಳೆತ್ತರದ ಬೇಸ್ ವಾದ್ಯವು ಮೃದುವಾಗಿ ನುಡಿಯುತ್ತಿರುವಾಗ, ಅಂಗೈಯಲ್ಲಿ ಹಿಡಿಯಬಹುದಾದ ಒಂದು ಲೋಟದ ಸದ್ದು ಸ್ಪಷ್ಟವಾಗಿ ಮೇಲೆದ್ದು ಬರುತ್ತದೆ. ಇದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು ವಾದ್ಯಕ್ಕೆ ಸಂಬಂಧಿಸಿದುದು. ಬೇಸ್ ವಾದ್ಯದ ಅತ್ಯಂತ ಮಂದ್ರವಾದ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಶಬ್ದದ ವೇಗ ಸೆಕೆಂಡಿಗೆ 340 ಮೀಟರ್ ಎಂದಿಟ್ಟುಕೊಂಡರೆ, ಈ ಸ್ವರದ ತರಂಗದ ಉದ್ದ ಎಂಟು ಮೀಟರಿಗಿಂತ ಹೆಚ್ಚಾಗುತ್ತದೆ. ವಾದ್ಯದ ಒಡಲಿನ ಉದ್ದವಾದರೋ ಒಂದು ಮೀಟರಿಗೆ ಸ್ವಲ್ಪ ಹೆಚ್ಚು. ತನಗಿಂತ ಬಹು ದೊಡ್ಡದಾದ ತರಂಗವನ್ನು ಗಾಳಿಗೆ ತುಂಬುವುದು ಯಾವ ವಸ್ತುವಿಗೂ ಕಷ್ಟ. ಚಿಕ್ಕ ಹುಟ್ಟಿನಿಂದ ದೊಡ್ಡ ದೋಣಿಯನ್ನು ನಡೆಸಲು ಹೊರಟಂತೆ, ಶ್ರಮ ಹೆಚ್ಚು, ಫಲ ಕಡಮೆ.

ಎರಡನೆಯದು ನಮ್ಮ ಕಿವಿಗೆ ಸಂಬಂಧಿಸಿದುದು. ಹೊರಗಿವಿಯಿಂದ ಕಿವಿದೆರೆಯವರೆಗಿನ ನಾಳದ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ಒಂದು ಕೊನೆ ಮುಚ್ಚಿದ ಇಂತಹ ನಾಳವು, ತನ್ನ ಉದ್ದದ ನಾಲ್ಕರಷ್ಟು ಉದ್ದವಿರುವ ತರಂಗಕ್ಕೆ ಅನುರಣಿಸುತ್ತದೆ. ಲೆಕ್ಕ ಹಾಕಿದರೆ ಅದು ಸೆಕೆಂಡಿಗೆ ಸುಮಾರು 3400 ಕಂಪನಗಳ ಶಬ್ದ. ಆ ಆಸುಪಾಸಿನಲ್ಲಿಯೇ ನಮ್ಮ ಕಿವಿ ಅತ್ಯಂತ ಚುರುಕು. ಗಾಜಿಗೆ ಗಾಜು ತಾಗಿದಾಗ ಹುಟ್ಟುವ ಶಬ್ದದಲ್ಲಿ ಸೆಕೆಂಡಿಗೆ ಸಾವಿರಾರು ಕಂಪನಗಳ ಇಂತಹ ಅಂಶವೇ ಹೇರಳ. 40 ಕಂಪನಗಳ ಸ್ವರವಾದರೋ, 1000 ಕಂಪನಗಳ ಸ್ವರಕ್ಕಿಂತ ಸುಮಾರು 50 ಡೆಸಿಬೆಲ್, ಎಂದರೆ ಒಂದು ಲಕ್ಷ ಪಾಲು, ಹೆಚ್ಚು ತೀವ್ರವಾಗಿದ್ದರಲ್ಲದೆ ಕೇಳಿಸಲು ಆರಂಭವೇ ಆಗುವುದಿಲ್ಲ! ಮಂದ್ರಸ್ವರವನ್ನು ನಾವು ಬಹುಮಟ್ಟಿಗೆ ಅದರೊಡನೆ ಹುಟ್ಟುವ ಮೇಲಿನ ಉಪಸ್ವರಗಳ ಸಹಾಯದಿಂದ ಗುರುತಿಸುತ್ತೇವೆ. ಆ ಉಪಸ್ವರಗಳಿಗೂ ಮನುಷ್ಯರ ಮಾತಿಗೂ ಹೆಚ್ಚು ಅಂತರವಿಲ್ಲದುದರಿಂದ, ಜನ ಮಾತನಾಡತೊಡಗಿದರೆ ಮೊದಲು ಮರೆಯಾಗುವುದು ಬೇಸ್ ವಾದ್ಯವೇ.

ಹಾಗಾದರೆ ಕೊಠಡಿಯಲ್ಲಿ ಜನರು ಕಡಮೆ ಇದ್ದಷ್ಟೂ ಒಳ್ಳೆಯದೆ? ಹಾಗೆ ಹೇಳುವಂತಿಲ್ಲ. ಅಮೆರಿಕದ ವಾಲೆಸ್ ಸೇಬಿನ್ ಎಂಬ ಭೌತವಿಜ್ಞಾನಿ 1895ರಲ್ಲಿ ಆರಂಭಿಸಿದ ಪ್ರಯೋಗಗಳಿಂದ, ಶಬ್ದವು ಅಡಗಲು ಬೇಕಾಗುವ ಕಾಲವು ಕೊಠಡಿಯ ಗಾತ್ರವನ್ನೂ ಅದರೊಳಗಿನ ವಸ್ತುಗಳ ಹೀರುವ ಶಕ್ತಿಯನ್ನೂ ಅವಲಂಬಿಸುತ್ತದೆಂದು ತಿಳಿಯಿತು. ತೆರೆದ ಕಿಟಕಿಯ ಮೂಲಕ ಹೊರಟ ಶಬ್ದ ಮರಳಿ ಬಾರದು. ಆದ್ದರಿಂದ ಅವರು ತೆರೆದ ಕಿಟಕಿಯನ್ನೇ ಅಳತೆಯ ಮಾನವಾಗಿ ಇಟ್ಟುಕೊಂಡರು. ಬಟ್ಟೆ ತೊಟ್ಟ ಒಬ್ಬ ಮನುಷ್ಯ ಸುಮಾರು ಅರ್ಧ ಚದರ ಮೀಟರಿನ ಕಿಟಕಿಗೆ ಸಮಾನ. ಉದಾಹರಣೆಗಾಗಿ, 400 ಘನಮೀಟರಿನ ಬರಿಯ ಕೊಠಡಿಯೊಂದರ ಹೀರುವ ಶಕ್ತಿ 20 ಚದರ ಮೀಟರ್ ಕಿಟಕಿಯಷ್ಟಿದ್ದರೆ, ಅಲ್ಲಿ ಶಬ್ದ ಅಡಗಲು ಮೂರು ಸೆಕೆಂಡಿಗೂ ಹೆಚ್ಚು ಕಾಲ ಬೇಕು. ಸ್ವರದ ಮೇಲೆ ಸ್ವರ ಬಿದ್ದು ಎಲ್ಲವೂ ಕಲಸಿಹೋಗುತ್ತದೆ. ಅಲ್ಲಿಗೆ ನೂರು ಜನ ಬಂದು ಕುಳಿತರೆ ಆ ಕಾಲ ಒಂದು ಸೆಕೆಂಡಿಗೆ ಇಳಿಯುತ್ತದೆ. ಸುಮ್ಮನೆ ಕುಳಿತ ಶ್ರೋತೃವು ಏನೂ ಮಾಡದೆಯೇ ಸಂಗೀತಕ್ಕೆ ಉಪಕಾರ ಮಾಡುತ್ತಾನೆ.

ತೊಂದರೆ ಬರುವುದು ಆತನು ಬಾಯಿ ತೆರೆದಾಗ. ಸುತ್ತಲೂ ಗದ್ದಲವಿದ್ದರೆ ಮನುಷ್ಯನು ತನಗರಿವಿಲ್ಲದೆಯೇ ದನಿಯನ್ನು ಏರಿಸುತ್ತಾನೆಂಬುದನ್ನು ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿ ಪ್ರಕಟಪಡಿಸಿದರು. ನಮ್ಮ ಮದುವೆಯ ಊಟದ ಪಂಕ್ತಿಗಳಲ್ಲಿ ಓಲಗ ಜೋರಾದಂತೆಲ್ಲ ಮಾತೂ ಜೋರಾಗುವುದನ್ನು ವಾಚಕರು ಬಲ್ಲರು. ಒಬ್ಬನು ದನಿಯೇರಿಸಿದರೆ ಪಕ್ಕದ ಮೇಜಿನವನಿಗೆ ಅದೇ ಗದ್ದಲ, ಅವನೂ ಏರಿಸುತ್ತಾನೆ, ಅದು ಮೊದಲನೆಯವನಿಗೆ ಮರಳಿ ತಟ್ಟುತ್ತದೆ. 1959ರಲ್ಲಿ ಮ್ಯಾಕ್‌ಲೀನ್ ಎಂಬ ವಿಜ್ಞಾನಿ ಇದನ್ನು ಗಣಿತದಿಂದ ವಿವೇಚಿಸಿ, ಜನಸಂಖ್ಯೆ ಒಂದು ಮಿತಿಯನ್ನು ದಾಟಿದೊಡನೆ ಶಾಂತವಾದ ಕೂಟವು ಗದ್ದಲದ ಕೂಟವಾಗಿ ಮಾರ್ಪಡುತ್ತದೆಂದು ತೋರಿಸಿದರು. ಎಲ್ಲರೂ ಸಮನಾಗಿ ಕೂಗಿದ ಮೇಲೆ ಯಾರ ಮಾತೂ ಮೊದಲಿಗಿಂತ ಚೆನ್ನಾಗಿ ಕೇಳಿಸುವುದಿಲ್ಲ. ನಷ್ಟವಾಗುವುದು ಸಂಗೀತಕ್ಕೆ ಮಾತ್ರ. ಹತ್ತಿರಕ್ಕೆ ಸರಿಯುವುದೇ ಇದಕ್ಕೆ ಪರಿಹಾರ. ಬಾಯಿಗೂ ಕಿವಿಗೂ ಇರುವ ದೂರ ಅರ್ಧವಾದರೆ ನೇರವಾಗಿ ಬರುವ ಶಬ್ದದ ತೀವ್ರತೆ ನಾಲ್ಕು ಪಾಲಾಗುತ್ತದೆ. ಕ್ಲಬ್ಬಿನ ಚಿಕ್ಕ ಮೇಜು, ಸ್ಥಳದ ಅಭಾವದಿಂದ ಬಂದುದಾದರೂ, ಪಿಸುಮಾತಿಗೆ ಅನುಕೂಲವಾದುದೇ.

ಇನ್ನು ಗದ್ದಲದಲ್ಲಿಯೂ ಸಂಗೀತವನ್ನು ಹಿಡಿದುಕೊಳ್ಳುವ ಶಕ್ತಿ ನಮ್ಮಲ್ಲಿರುವುದು ಹೇಗೆ? 1953ರಲ್ಲಿ ಕಾಲಿನ್ ಚೆರಿ ಎಂಬ ಇಂಗ್ಲೆಂಡಿನ ವಿಜ್ಞಾನಿ ಕೇಳುಗರ ಎರಡು ಕಿವಿಗಳಿಗೂ ಬೇರೆ ಬೇರೆ ಮಾತುಗಳನ್ನು ಏಕಕಾಲಕ್ಕೆ ಕೇಳಿಸಿ ಪರೀಕ್ಷಿಸಿದರು. ಒಂದು ಕಿವಿಯ ಮಾತನ್ನು ಕೇಳುಗರು ಸರಾಗವಾಗಿ ಅನುಸರಿಸಿದರು. ಇನ್ನೊಂದರಲ್ಲಿ ಏನು ಹೇಳಲಾಯಿತೆಂಬುದನ್ನು ಬಹುತೇಕ ಹೇಳಲಾರದೆ ಹೋದರು. ಶಬ್ದವು ಒಂದು ಕಿವಿಗೆ ತಲಪುವುದಕ್ಕೂ ಇನ್ನೊಂದಕ್ಕೆ ತಲಪುವುದಕ್ಕೂ ಇರುವ ಸೂಕ್ಷ್ಮವಾದ ಕಾಲವ್ಯತ್ಯಾಸದಿಂದ ಮೆದುಳು ದಿಕ್ಕನ್ನು ತಿಳಿಯುತ್ತದೆ. ಮನಸ್ಸು ತನಗೆ ಬೇಕಾದ ದಿಕ್ಕಿನದನ್ನು ಆರಿಸಿಕೊಳ್ಳುತ್ತದೆ. ಮೈಕ್ರೋಫೋನಿಗೆ ಈ ವಿವೇಕವಿಲ್ಲ. ತನಗೆ ತಲಪಿದುದೆಲ್ಲವನ್ನೂ ಅದು ಸಮದೃಷ್ಟಿಯಿಂದ ಸ್ವೀಕರಿಸುತ್ತದೆ. 1961ರ ಆ ದಿನ ಗಮನವಿಟ್ಟು ಕುಳಿತವರು ಪ್ರಾಯಶಃ ಲೆಕ್ಕಕ್ಕೇ ತಂದುಕೊಳ್ಳದಿದ್ದ ಲೋಟದ ಸದ್ದು ಇಂದು ಮುದ್ರಿಕೆಯಲ್ಲಿ ನಮ್ಮ ಗಮನವನ್ನು ಸೆಳೆಯುವುದಕ್ಕೆ ಇದೂ ಒಂದು ಕಾರಣವಾಗಿರಬೇಕು.

ಇಷ್ಟರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಇಂತಹ ಕೊಠಡಿಯಲ್ಲಿ ಸಂಗೀತವು ಕೇವಲ ವೇದಿಕೆಯ ಮೇಲೆ ಹುಟ್ಟುವುದಲ್ಲ. ಕೇಳುವವರ ಮೈ ಪ್ರತಿಧ್ವನಿಯನ್ನು ಹೀರುತ್ತದೆ; ಅವರ ಮನಸ್ಸು ಸ್ವರವನ್ನು ಗದ್ದಲದಿಂದ ಬೇರ್ಪಡಿಸುತ್ತದೆ; ಅವರ ನಾಲಗೆ ಮಾತ್ರ ಇವೆರಡರ ಕೆಲಸವನ್ನೂ ಕೆಡಿಸಬಲ್ಲುದು. ವ್ಯಾನ್‌ಗಾರ್ಡಿನಲ್ಲಿ ವಾದನ ನಡೆಯುವಾಗ ಮಾತನಾಡಬಾರದೆಂದು ಬಂದವರನ್ನು ಕೇಳಿಕೊಳ್ಳುವುದು ಬರಿಯ ಶಿಷ್ಟಾಚಾರವಲ್ಲ. ಲೊಂಬಾರ್ ಕಂಡ ನಿಯಮ ಕೆಳಮುಖವಾಗಿಯೂ ನಡೆಯುತ್ತದೆ: ಒಂದು ಮೇಜಿನವರು ದನಿ ತಗ್ಗಿಸಿದರೆ ಪಕ್ಕದವರು ಏರಿಸಬೇಕಾದ ಕಾರಣವೂ ಅಷ್ಟರಮಟ್ಟಿಗೆ ತಗ್ಗುತ್ತದೆ. ಗದ್ದಲವನ್ನು ಒಬ್ಬನೇ ಆರಂಭಿಸಬಲ್ಲಂತೆ, ಮೌನವನ್ನೂ ಒಬ್ಬನೇ ಆರಂಭಿಸಬಹುದು. ಎದುರಿಗಿರುವ ವಾದಕನು ಈ ಸ್ವರವನ್ನು ಮತ್ತೆ ನುಡಿಸುವನೋ ಇಲ್ಲವೋ ಎಂಬುದನ್ನು ಯಾರೂ ಮುಂದಾಗಿ ಹೇಳಲಾರರು. ಆದ್ದರಿಂದ ಅದು ನುಡಿಯುತ್ತಿರುವಷ್ಟು ಹೊತ್ತು ಚಮಚವನ್ನು ಮೆಲ್ಲಗೆ ಕೆಳಗಿಡುವುದು ಲೇಸು.