ಹದಿನೈದು ಸೆಂಟಿಮೀಟರ್, ನಾಲ್ಕು ಮೀಟರ್

ಎಡಕುಮೇರಿ ರೈಲು ನಿಲ್ದಾಣದ ಆಚೀಚೆ ಹಳಿ ನೇರವಾಗಿ ಓಡುವುದೇ ಅಪರೂಪ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ಘಟ್ಟದಲ್ಲಿ 57 ಸುರಂಗಗಳಿವೆ. ಕಡಿದಾದಲ್ಲಿ 50 ಮೀಟರಿಗೆ ಒಂದು ಮೀಟರ್ ಇಳಿಜಾರು. ಬ್ರಾಡ್‌ಗೇಜ್ ಹಳಿಗೆ ರೈಲ್ವೆ ನಿಯಮ ಒಪ್ಪುವ ಅತಿ ಬಿಗಿ ತಿರುವು 10 ಡಿಗ್ರಿಯದು, ಅಂದರೆ 175 ಮೀಟರ್ ತ್ರಿಜ್ಯದ್ದು. ಆ ತಿರುವನ್ನು ಪೂರ್ತಿ ವೃತ್ತ ಮಾಡಿದರೆ ಸುತ್ತಳತೆ 1,100 ಮೀಟರ್. 20 ಬೋಗಿಗಳ ರೈಲು 446 ಮೀಟರ್ ಉದ್ದ. ವೃತ್ತದ ಐದರಲ್ಲಿ ಎರಡು ಪಾಲನ್ನು ಅದೊಂದೇ ತುಂಬಿಬಿಡುತ್ತದೆ.

ಇಷ್ಟು ಉದ್ದದ ವಾಹನ ತಿರುಗುವಾಗ ಎಷ್ಟು ಜಾಗ ಕಬಳಿಸಬಹುದು? ಹಳೆಯ ಐಸಿಎಫ್ ಮಾದರಿಯ ಬೋಗಿಯ ಎರಡು ಗಾಲಿಚೌಕಟ್ಟುಗಳ ನಡುವೆ 14.783 ಮೀಟರ್ ಅಂತರ. 175 ಮೀಟರ್ ತ್ರಿಜ್ಯದಲ್ಲಿ ಅದರ ನಡುಭಾಗ ಒಳಕ್ಕೆ ಸರಿಯುವುದು ಸುಮಾರು 15 ಸೆಂ.ಮೀ. ಒಂದು ಗೇಣಿಗೂ ಕಡಿಮೆ! ಇಪ್ಪತ್ತು ಬೋಗಿ ಇದ್ದರೂ ಅಷ್ಟೇ, ಏಕೆಂದರೆ ಪ್ರತಿ ಗಾಲಿಯೂ ಮುಂದಿನ ಗಾಲಿ ಹೋದ ಜಾಡಿನಲ್ಲೇ ಹೋಗುತ್ತದೆ. ಹಾಗೆಂದು ಹಳಿಯ ಪಕ್ಕ ನಿಲ್ಲುವಂತಿಲ್ಲ. ಬೋಗಿಯ ಮೈ ಹಳಿಯ ಒಳಮೈಯಿಂದ 78 ಸೆಂ.ಮೀ. ಹೊರಚಾಚಿರುತ್ತದೆ, ತಿರುವಿನ ಸರಿತವೂ ಸೇರಿದರೆ ಒಂದು ಮೀಟರಿನ ಹತ್ತಿರ. ಚಾರಣದ ಹೆಸರಿನಲ್ಲಿ ಈ ಸುರಂಗಗಳೊಳಗೆ ನಡೆದವರು ಎಷ್ಟೋ ಮಂದಿ. ಹಳಿಯ ಮೇಲೆ ಅತಿಕ್ರಮವಾಗಿ ನಡೆದರೆ 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ. ಇದು ಸರಿಯಾದ ಕಾನೂನು.

ಈಗ ಇದೇ ಘಟ್ಟದ ರಸ್ತೆಗೆ ಬನ್ನಿ. ಸಕಲೇಶಪುರದಿಂದ ಶಿರಾಡಿ ಘಟ್ಟ ಇಳಿದು ಗುಂಡ್ಯಕ್ಕೆ ಬಂದ ಬಸ್ಸು, ಕುಕ್ಕೆಗೆ ಹೋಗಲು ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗುತ್ತದೆ. ಚಾಲಕ ಕೂತಿರುವುದು ಬಲಗಡೆ. ಎಡಮಗ್ಗುಲಿಗೆ ಅಂಟಿಕೊಂಡಂತೆ ಸೈಕಲ್ಲಿನವನೋ ನಡೆದು ಹೋಗುವವರೋ ಇದ್ದರೆ ಚಾಲಕನಿಗೆ ಕನ್ನಡಿಯೊಂದೇ ಗತಿ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ 6 ಮೀಟರ್ ಅಂತರವಿರುವ ಬಸ್ಸು 12 ಮೀಟರ್ ತ್ರಿಜ್ಯದಲ್ಲಿ ಸುತ್ತಿದರೆ, ಹಿಂಗಾಲಿ ಮುಂಗಾಲಿಯ ಜಾಡಿಗಿಂತ 1.6 ಮೀಟರ್ ಒಳಕ್ಕೆ ಬರುತ್ತದೆ. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯವೇ ಈ ಲೆಕ್ಕಕ್ಕೆ ಸಾಕು. 446 ಮೀಟರ್ ರೈಲು ಸರಿಯುವುದರ ಹತ್ತು ಪಟ್ಟು! ಕಂಟೇನರ್ ಹೊತ್ತ ಟ್ರೇಲರ್‌ನದ್ದಂತೂ ಇನ್ನೂ ಭಯಂಕರ. ಎಂಜಿನ್ ಗಾಡಿಯ ಗಾಲಿಗಳ ಅಂತರ 3.5 ಮೀಟರ್, ಕೊಂಡಿಯಿಂದ ಹಿಂದಿನ ಗಾಲಿಗೆ 8.5 ಮೀಟರ್ ಎಂದುಕೊಂಡರೆ, ಅದೇ ಸುತ್ತಿನಲ್ಲಿ ಒಳಸರಿತ 4 ಮೀಟರ್ ದಾಟುತ್ತದೆ. ಹೆದ್ದಾರಿಯ ಒಂದು ಪಥದ ಅಗಲವೇ 3.5 ಮೀಟರ್. ಕಾಲು ಸುತ್ತಿನಲ್ಲೇ ತಿರುವು ಮುಗಿದರೆ ಇದು ತುಸು ಕಡಿಮೆಯಾಗುತ್ತದೆ, ನಿಜ. ಆದರೆ ಮೂಲೆಯಲ್ಲಿ ನಿಂತ ಮನುಷ್ಯನಿಗೆ ಬೇಕಿರುವುದು ಅರ್ಧ ಮೀಟರ್ ಮಾತ್ರ. ಆ ಅರ್ಧ ಮೀಟರೂ ಉಳಿಯುವುದಿಲ್ಲ. ಮುಂಭಾಗ ದಾಟಿತಲ್ಲ, ಇನ್ನೇನು ಅಪಾಯ ಎಂದು ಒಂದು ಹೆಜ್ಜೆ ಮುಂದಿಟ್ಟವರ ಮೇಲೇ ಹಿಂಗಾಲಿ ಬರುತ್ತದೆ.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಪಾದಚಾರಿಗಳೇ 32,825. ದಿನಕ್ಕೆ 90, ಹದಿನಾರು ನಿಮಿಷಕ್ಕೆ ಒಬ್ಬರು. ಇವರೆಲ್ಲ ತಿರುವಿನಲ್ಲೇ ಸತ್ತವರಲ್ಲ. ಆದರೆ ತಿರುವಿನ ಸಾವಿನಷ್ಟು ಮುಂಚೆಯೇ ಅಳೆದು ಗೆರೆ ಎಳೆಯಬಹುದಾದ ಸಾವು ಬೇರೆ ಇರಲಾರದು. ರೈಲ್ವೆಯವರು ಬೋಗಿ ಎಷ್ಟು ಸೆಂಟಿಮೀಟರ್ ಸರಿಯುತ್ತದೆಂದು ಲೆಕ್ಕ ಹಾಕಿಯೇ ಸುರಂಗದ ಅಗಲ ನಿರ್ಧರಿಸುತ್ತಾರೆ. ಮೂಲೆಯ ಟಾರಿನ ಮೇಲೆ ಆ ನಾಲ್ಕು ಮೀಟರನ್ನು ಗುರುತಿಸುವವರು ಯಾರು?

ಮೂಲೆಯನ್ನು ಅಗಲಿಸಿದರಾಯಿತು ಎನ್ನುವವರಿದ್ದಾರೆ. ತ್ರಿಜ್ಯ 25 ಮೀಟರಾದರೆ ಬಸ್ಸಿನ ಒಳಸರಿತ 73 ಸೆಂಟಿಮೀಟರಿಗೆ ಇಳಿಯುತ್ತದೆ, ಹೌದು. ಆದರೆ ಮೊದಲು ಗಂಟೆಗೆ 17 ಕಿ.ಮೀ.ಯಲ್ಲಿ ತಿರುಗುತ್ತಿದ್ದ ಕಾರು ಅಷ್ಟೇ ಆರಾಮಾಗಿ 25ರಲ್ಲಿ ತಿರುಗುತ್ತದೆ. ಗುದ್ದಿನ ಶಕ್ತಿ ಇಮ್ಮಡಿಯಾಗುತ್ತದೆ. ಇದಕ್ಕಿಂತ ಮೂಲೆಯನ್ನು ಬಿಗಿಯಾಗಿಯೇ ಇಟ್ಟು, ಒಳ ಅಂಚಿಗೆ ತುಸು ಎತ್ತರದ ಒರಟು ಕಲ್ಲುಹಾಸು ಹಾಕುವುದು ಮೇಲು. ಟ್ರೇಲರ್‌ನ ಹಿಂಗಾಲಿ ಅದರ ಮೇಲೆ ಹತ್ತಿ ಹೋಗುತ್ತದೆ, ಕಾರು ಹತ್ತಲು ಹಿಂಜರಿದು ನಿಧಾನವಾಗುತ್ತದೆ. ದಾಟುವ ಪಟ್ಟೆಗಳನ್ನು ಮೂಲೆಯಿಂದ ಒಂದು ಕಾರಿನಷ್ಟು, ಸುಮಾರು 5 ಮೀಟರ್, ಹಿಂದಕ್ಕೆ ತಂದರೆ ತಿರುಗಿ ಮುಗಿಸಿದ ಚಾಲಕನ ಕಣ್ಣೆದುರಿಗೇ ಜನ ಬರುತ್ತಾರೆ. ನೆದರ್ಲೆಂಡ್ಸ್‌ನಲ್ಲಿ ಸೈಕಲ್ ದಾರಿಯನ್ನು ಹೀಗೆ ಹಿಂದಕ್ಕೆ ಸರಿಸಿಯೇ ಮೂಲೆಗಳನ್ನು ಕಟ್ಟುತ್ತಾರೆ. ಗುಂಡ್ಯದ ಮೂಲೆಗೆ ಬೇಕಿರುವುದು ಒಂದಿಷ್ಟು ಕಲ್ಲು, ಒಂದಿಷ್ಟು ಬಿಳಿ ಬಣ್ಣ, ಆ 5 ಮೀಟರ್.