ಆರು ಹಲಗೆ ಮತ್ತು ಒಂದು ಬೆಲ್ಟ್ ಸ್ಯಾಂಡರ್

ಬಹರೈನ್‌ನಲ್ಲಿ ಮರ ಅಂದ್ರೆ ಪ್ರವಾಸಿಗರಿಗೆ ಮೊದಲು ತೋರಿಸೋದು ಮರಳುಗಾಡಿನ ನಡುವೆ ಒಂಟಿಯಾಗಿ ನಿಂತಿರೋ 'ಟ್ರೀ ಆಫ್ ಲೈಫ್'. ನಾನೂ ಬಂದ ಹೊಸದರಲ್ಲಿ ಹೋಗಿ ಫೋಟೋ ಹೊಡೆಸಿಕೊಂಡೆ. ತೀರ್ಥಹಳ್ಳಿ ಕಡೆಯವನೊಬ್ಬ ಒಂದೇ ಒಂದು ಮರ ನೋಡೋಕೆ ಪೆಟ್ರೋಲ್ ಸುಟ್ಟುಕೊಂಡು ಹೋದ ಅಂತ ಊರಲ್ಲಿ ಗೊತ್ತಾದರೆ ನಕ್ಕಾರು! ಇಂಥ ದ್ವೀಪದಲ್ಲಿ ಕೂತು ನಾನು ಮರಗೆಲಸಕ್ಕೆ ಕೈ ಹಾಕಿದ್ದೇನೆ. ಹಗಲು ಹೊತ್ತು ಒಂದು ಕಂಪನಿಯಲ್ಲಿ ಕೋಡ್ ಬರೆಯೋದು, ಶುಕ್ರವಾರ ಬಂತೆಂದರೆ ರಿಫಾದಲ್ಲಿರುವ ಗೆಳೆಯನ ಮನೆಯ ಕಾರ್ ಶೆಡ್ಡಿನಲ್ಲಿ ಮೈಯೆಲ್ಲ ಹೊಟ್ಟು ಮಾಡಿಕೊಳ್ಳೋದು.

ಇದಕ್ಕೆಲ್ಲ ಕಾರಣ ಒಂದು ತೊಟ್ಟಿಲು. ನನ್ನ ಹೆಂಡತಿ ಧಾರವಾಡದವಳು. ಏಪ್ರಿಲ್‌ನಲ್ಲಿ ನಮ್ಮ ಮನೆಗೆ ಹೊಸ ಸದಸ್ಯರು ಬರಲಿದ್ದಾರೆ. ಅತ್ತೆಯವರಿಗೆ ಕಲಘಟಗಿ ತೊಟ್ಟಿಲೇ ಆಗಬೇಕು. ಸಾಗವಾನಿ ಮರಕ್ಕೆ ಅರಗಿನ ಬಣ್ಣ ಹಚ್ಚಿ, ದೇವರ ಚಿತ್ರ ಬರೆದ ಆ ತೊಟ್ಟಿಲನ್ನು ನೋಡಿದವರಿಗೆ ಅವರ ಹಟ ಅರ್ಥವಾಗುತ್ತೆ. ಆದರೆ ಅದನ್ನು ವಿಮಾನದಲ್ಲಿ ತರಿಸೋ ಖರ್ಚು ಕೇಳಿ ನಾನು ಸುಮ್ಮನಾದೆ. "ನಾನೇ ಮಾಡ್ತೀನಿ, ಬಣ್ಣ ಇಲ್ಲದ್ದು" ಅಂದುಬಿಟ್ಟೆ. ನನ್ನಪ್ಪ ಬಡಗಿ. ನಲವತ್ತು ವರ್ಷ ಬಾಗಿಲು, ದಾರಂದ, ಕಿಟಕಿ ಮಾಡಿದವರು. ಮಗ ಉಳಿ ಹಿಡಿಯಬಾರದು ಅಂತಲೇ ನನ್ನನ್ನು ಇಂಜಿನಿಯರಿಂಗಿಗೆ ಹಾಕಿದ್ದು. ಹಾಗಾಗಿ ರಕ್ತದಲ್ಲೇ ಇರುತ್ತೆ ಅನ್ನೋ ಧೈರ್ಯ ನನಗೆ. (ರಕ್ತದಲ್ಲಿ ಏನೂ ಇರಲಿಲ್ಲ, ಅದು ಮುಂದೆ ಗೊತ್ತಾಗುತ್ತೆ.)

ಮರ ಸಿಕ್ಕಿದ್ದು ಮುಹರ್ರಕ್‌ನಲ್ಲಿ. ಅಲ್ಲಿನ ಹಳೇ ಮನೆಗಳ ಮಾಡಿಗೆ ಆಫ್ರಿಕಾ ಕಡೆಯಿಂದ ಬಂದ ಕಾಂಡ್ಲಾ ಮರದ ಗಳಗಳು, ಬಾಗಿಲಿಗೆ ಹಿಂದೂಸ್ತಾನದ ತೇಗ. ಈ ಕಡೆಯ 'ಧೋ' ಹಡಗುಗಳನ್ನೂ ಮಲಬಾರ್ ಕರಾವಳಿಯಿಂದ ಬಂದ ತೇಗದಲ್ಲೇ ಕಟ್ಟುತ್ತಿದ್ದರು. ಕೆಡವಿದ ಮನೆಯೊಂದರ ಬಾಗಿಲಿನ ಹಲಗೆಗಳು ಹಳೇ ಸಾಮಾನಿನವನ ಹತ್ತಿರ ಬಿದ್ದಿದ್ದವು. ಆರು ಹಲಗೆ. ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿ, ಒಂದೊಂದು ಒಂದೊಂದು ಕಡೆ ಸೊಟ್ಟಗಾಗಿದ್ದವು. ಉಗುರಿನಿಂದ ಕೆರೆದರೆ ಒಳಗೆ ಜೇನಿನ ಬಣ್ಣ. ಇನ್ನೊಂದು ಸಲ ಇಂಥದ್ದು ಸಿಗಲ್ಲ ಅಂತ ಆರನ್ನೂ ಎತ್ತಿಕೊಂಡು ಬಂದೆ.

ಹಲಗೆ ಮಟ್ಟ ಮಾಡಬೇಕಲ್ಲ? ಅಪ್ಪನಾಗಿದ್ದರೆ ಕೀಸುಳಿ ಹಾಕಿ ಆಮೇಲೆ ಉಪ್ಪುಕಾಗದ ಹಿಡಿದು ಉಜ್ಜುತ್ತಿದ್ದರು. ನಾನು ಇಂಜಿನಿಯರ್, ಮಷೀನ್ ಬೇಕು. ಪರಿಚಯದವರೊಬ್ಬರ ಹತ್ತಿರ ನಾಲ್ಕಿಂಚು ಅಗಲದ ದೊಡ್ಡ ಬೆಲ್ಟ್ ಸ್ಯಾಂಡರ್ ಇತ್ತು, 1200 ವಾಟ್‌ನದ್ದು. ಲ್ಯಾಪ್‌ಟಾಪ್ ಕೊಳ್ಳುವಾಗ ರ್‍ಯಾಮ್ ಎಷ್ಟಿದ್ದರೂ ಒಳ್ಳೇದೇ ಅಂತೀವಲ್ಲ, ಅದೇ ಲೆಕ್ಕದಲ್ಲಿ ಖುಷಿಯಿಂದ ಇಸ್ಕೊಂಡು ಬಂದೆ. 40 ನಂಬರಿನ ಬೆಲ್ಟ್ ಹಾಕಿ, ಹಲಗೆಯ ಮೇಲಿಟ್ಟು ಸ್ವಿಚ್ ಒತ್ತಿದೆ. ಮಷೀನು ಸಾಕಿದ ನಾಯಿ ಬೆಕ್ಕು ಕಂಡ ಹಾಗೆ ಮುಂದಕ್ಕೆ ಹಾರಿತು. ಗಾಬರಿಯಲ್ಲಿ ಹಿಂದಕ್ಕೆ ಎಳೆದು ಗಟ್ಟಿಯಾಗಿ ಒತ್ತಿ ಹಿಡಿದೆ. ಎರಡು ಸೆಕೆಂಡ್ ಇರಬಹುದು, ಅಷ್ಟೇ. ತೆಗೆದು ನೋಡಿದರೆ ಹಲಗೆಯ ನಡುವೆ ಅಂಗೈ ಅಗಲದ ಗುಳಿ, ಎರಡು ಮಿಲಿಮೀಟರ್ ಆಳ!

ಆ ವರ್ಗದ ಮಷೀನುಗಳ ಬೆಲ್ಟು ನಿಮಿಷಕ್ಕೆ 500 ಮೀಟರ್ ಓಡುತ್ತೆ. ಲೆಕ್ಕ ಹಾಕಿ ನೋಡಿ, ಗಂಟೆಗೆ 30 ಕಿಲೋಮೀಟರ್. ಒರಟು ಮರಳುಕಾಗದವನ್ನು ಸ್ಕೂಟರಿನ ವೇಗದಲ್ಲಿ ಒಂದೇ ಜಾಗಕ್ಕೆ ಉಜ್ಜಿದ ಹಾಗೆ. ಮಷೀನಿನ ತಪ್ಪೇನೂ ಇಲ್ಲ. ಅದು ಹೇಳಿದ ಕೆಲಸ ಮಾಡಿತು.

ಇದರ ಒಳಗಿನ ವಿಚಾರ ಬಹಳ ಸರಳ. ಎರಡು ಉರುಳೆ, ಅವುಗಳ ಸುತ್ತ ಬಳೆಯಂಥ ಮರಳುಪಟ್ಟಿ. ಹಿಂದಿನದನ್ನು ಮೋಟಾರ್ ತಿರುಗಿಸುತ್ತೆ, ಮುಂದಿನದು ಸ್ಪ್ರಿಂಗಿನಿಂದ ಪಟ್ಟಿಯನ್ನು ಬಿಗಿಯಾಗಿ ಎಳೆದು ಹಿಡಿಯುತ್ತೆ. ನಡುವೆ ಚಪ್ಪಟೆ ಲೋಹದ ತಟ್ಟೆ, ಮರ ಸವೆಯೋದು ಅದರ ಕೆಳಗೆ. ಪಕ್ಕದಲ್ಲೊಂದು ತಿರುಪು ಇರುತ್ತೆ, ಪಟ್ಟಿ ಎಡಕ್ಕೋ ಬಲಕ್ಕೋ ಜಾರಿದರೆ ಸರಿಪಡಿಸೋಕೆ. ಅಮೆರಿಕದ ಪೋರ್ಟರ್-ಕೇಬಲ್ ಕಂಪನಿಯ ಆರ್ಟ್ ಎಮನ್ಸ್ ಅನ್ನೋ ಇಂಜಿನಿಯರ್ 1926ರಲ್ಲಿ ಕೈಯಲ್ಲಿ ಹಿಡಿಯೋ ಇಂಥ ಮಷೀನನ್ನು ತಂದರು. ಅದಕ್ಕಿಟ್ಟ ಹೆಸರು 'ಟೇಕ್-ಅಬೌಟ್ ಸ್ಯಾಂಡರ್', ಅಂದರೆ ಎಲ್ಲಿಗೆ ಬೇಕಾದರೂ ಹೊತ್ತುಕೊಂಡು ಹೋಗಬಹುದಾದದ್ದು. ಸುಮಾರು ನೂರು ವರ್ಷವಾದರೂ ಮೂಲ ವಿನ್ಯಾಸ ಹೆಚ್ಚು ಬದಲಾಗಿಲ್ಲ. ನಾನು ಬರೆದ ಕೋಡು ನೂರು ದಿನ ಬಾಳಿದರೆ ಹೆಚ್ಚು.

ಇನ್ನೊಂದು ಎಡವಟ್ಟು ಸ್ವಲ್ಪದರಲ್ಲಿ ತಪ್ಪಿತು. ಆರನೇ ಹಲಗೆಯ ಮೇಲೆ ಹಸಿರು ಬಣ್ಣದ ನಾಲ್ಕೈದು ಪದರ ಇತ್ತು. ಅದನ್ನೂ ಉಜ್ಜಿ ತೆಗೆಯೋಣ ಅಂತಿದ್ದೆ. ಹಳೇ ಕಾಲದ ಎಣ್ಣೆ ಬಣ್ಣಗಳಲ್ಲಿ ಸೀಸ ಹಾಕೋದು ಮಾಮೂಲಾಗಿತ್ತು. ಅದನ್ನು ಮಷೀನಿನಿಂದ ಪುಡಿ ಮಾಡಿ ಹಾರಿಸಿದರೆ ಬಟ್ಟೆಗಂಟಿಕೊಂಡು ಮನೆಗೆ ಬರುತ್ತೆ. ಬಸುರಿ ಹೆಂಗಸಿಗೂ ಕೂಸಿಗೂ ಸೀಸದಂಥ ವಿಷ ಬೇರೆ ಇಲ್ಲ. ತೊಟ್ಟಿಲಿಗೆ ಮರ ಉಜ್ಜೋಕೆ ಹೋಗಿ ಎಂಥಾ ಕೆಲಸ ಆಗ್ತಿತ್ತು ನೋಡಿ. ಆ ಹಲಗೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಪಕ್ಕಕ್ಕಿಟ್ಟೆ. ಉಳಿದದ್ದು ಐದು, ಅದರಲ್ಲೊಂದಕ್ಕೆ ಗುಳಿ.

ಫೋನಿನಲ್ಲಿ ಗುಳಿಯ ಕಥೆ ಕೇಳಿ ಅಪ್ಪ ಒಂದು ನಿಮಿಷ ಮಾತಾಡಲಿಲ್ಲ. "ಉಳಿದ ಹಲಗೆ ಮುಟ್ಟಬೇಡ ಮಾರಾಯ, ನಾನು ಬರ್ತೇನೆ" ಅಂದರು. ವಿಸಿಟ್ ವೀಸಾ ಮಾಡಿಸಿದೆ, ಜನವರಿಯಲ್ಲಿ ಬಂದರು. ಚೀಲದಲ್ಲಿ ಉಪ್ಪಿನಕಾಯಿ, ಹಪ್ಪಳ, ಮತ್ತೆ ಒಂದು ಕೀಸುಳಿ.

ಅಷ್ಟರಲ್ಲಿ ನಾನು ಎಕ್ಸೆಲ್ ಶೀಟ್ ಮಾಡಿ ಇಟ್ಟಿದ್ದೆ. ಅದರ ಸಾರ ಹೇಳಿಬಿಡ್ತೀನಿ. ಕೈ ಬೆಲ್ಟ್ ಸ್ಯಾಂಡರುಗಳಲ್ಲಿ ನಮ್ಮಂಥವರಿಗೆ ಅಂಗಡಿಯಲ್ಲಿ ಸಿಗೋದು ಹೆಚ್ಚುಕಡಿಮೆ ಮೂರು ಅಳತೆ. ಚಿಕ್ಕದು 76 ಮಿಲಿಮೀಟರ್ ಅಗಲ, 457 ಸುತ್ತಳತೆಯ ಬೆಲ್ಟಿನದ್ದು. ಮಕಿಟಾ 9911 ಈ ಜಾತಿ, 650 ವಾಟ್, ವೇಗವನ್ನು ನಿಮಿಷಕ್ಕೆ 75ರಿಂದ 270 ಮೀಟರ್‌ವರೆಗೆ ತಿರುಗಿಸಿಕೊಳ್ಳಬಹುದು. ನಡುವಿನದು ಅಷ್ಟೇ ಅಗಲ, 533 ಸುತ್ತಳತೆ. ಬಾಷ್ ಜಿಬಿಎಸ್ 75 ಎಇ ಇದಕ್ಕೆ ಸೇರಿದ್ದು, ತೂಕ ಮೂರು ಕಿಲೋ ದಾಟುತ್ತೆ. ದೊಡ್ಡದು 100ಕ್ಕೆ 610. ಮಕಿಟಾ 9404 ತಗೊಂಡರೆ 1010 ವಾಟ್, ನಾಲ್ಕೂವರೆ ಕಿಲೋ ಮೇಲೆ. ದೊಡ್ಡ ಮೇಜು, ಬಾಗಿಲು ಮಟ್ಟ ಮಾಡೋರಿಗೆ ಆ ತೂಕವೇ ಅನುಕೂಲ, ನಾವು ಒತ್ತೋದೇ ಬೇಡ. ಅದೇ ಮಷೀನನ್ನು ಅಂಗೈ ಅಗಲದ ತೊಟ್ಟಿಲ ಪಟ್ಟಿಯ ಮೇಲೆ ಇಟ್ಟರೆ ಆಚೀಚೆ ವಾಲಿ ಅಂಚುಗಳನ್ನು ತಿಂದು ಹಾಕುತ್ತೆ.

ನಿಮಗೆ ಬೆಲ್ಟ್ ಸ್ಯಾಂಡರ್ ಬೇಕೇ ಬೇಕಾ ಅಂತಲೂ ಒಮ್ಮೆ ಯೋಚಿಸಿ. ಅಂಗಡಿಯಿಂದ ನುಣುಪಾಗಿಸಿದ ಹಲಗೆ ತಂದು ಪಾಲಿಶ್ ಹಚ್ಚೋರಿಗೆ ಗುಂಡನೆಯ ಆರ್ಬಿಟಲ್ ಸ್ಯಾಂಡರ್ ಸಾಕು. ಪ್ಲೈವುಡ್ಡಿಗಂತೂ ಬೆಲ್ಟ್ ತೋರಿಸಲೇಬೇಡಿ. ಮೇಲಿನ ಪದರ ಕಾಗದದಷ್ಟು ತೆಳು, ಕಣ್ಣು ಮಿಟುಕಿಸೋದರೊಳಗೆ ಕೆಳಗಿನ ಪದರ ಕಾಣಿಸುತ್ತೆ. ಬೆಲ್ಟಿನ ಜಾಗ ಇರೋದು ಒರಟು ಹಲಗೆಗೆ, ಅಂಟಿಸಿದ ಹಲಗೆಗಳ ಏರುಪೇರಿಗೆ.

ಶನಿವಾರ ಅಪ್ಪನನ್ನು ಅಂಗಡಿಗೆ ಕರೆದುಕೊಂಡು ಹೋದೆ. ನಾನು ವಾಟ್ ಓದುತ್ತಿದ್ದರೆ ಅವರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಒಂದೊಂದನ್ನೇ ಬಲಗೈಯಲ್ಲಿ ಎತ್ತಿ, ಅಂಗಡಿಯವನ ಮೇಜಿನ ಮೇಲೆ ಕೀಸುಳಿ ಓಡಿಸಿದ ಹಾಗೆ ಹಿಂದೆ ಮುಂದೆ ಆಡಿಸಿ ನೋಡಿದರು. ತಲೆ ಕೆಳಗೆ ಮಾಡಿ ತಟ್ಟೆಯ ಮೇಲೆ ಬೆರಳಾಡಿಸಿದರು. "ಇದರ ಮೂತಿ ಭಾರ, ಕೆಳಗೆ ಕಚ್ಚುತ್ತೆ. ಇದು ಸಮ ಇದೆ" ಅಂತ ಚಿಕ್ಕದನ್ನು ತೋರಿಸಿದರು. ನನ್ನ ಎಕ್ಸೆಲ್ ಶೀಟಿನಲ್ಲಿ ಆ ಕಾಲಮ್ಮೇ ಇರಲಿಲ್ಲ! ವೇಗ ಕಡಿಮೆ ಮಾಡೋಕೆ ಆಗುತ್ತೆ ಅಂದಾಗ ಮಾತ್ರ ತಲೆ ಆಡಿಸಿದರು. 457ರದ್ದೇ ತಗೊಂಡೆವು. 2022ರಿಂದ ಇಲ್ಲಿ ಶೇಕಡಾ 10 ವ್ಯಾಟ್ ಬೇರೆ, ಬಿಲ್ ನೋಡಿ ಅಪ್ಪ ರೂಪಾಯಿಗೆ ಲೆಕ್ಕ ಹಾಕೋಕೆ ಶುರು ಮಾಡಿದರು, ನಾನು ಬೇಗ ಮಡಚಿ ಜೇಬಿಗೆ ಹಾಕಿಕೊಂಡೆ.

ಬೆಲ್ಟಿನ ವಿಷಯದಲ್ಲಿ ಎರಡು ಮಾತು. ಮಷೀನು ತಗೊಳ್ಳೋ ಮುಂಚೆ ಅದರ ಅಳತೆಯ ಬೆಲ್ಟು ನಿಮ್ಮೂರಲ್ಲಿ ಸಿಗುತ್ತಾ ಕೇಳಿ. ಊರಿಗೆ ಹೋಗಿದ್ದ ಸ್ನೇಹಿತನಿಗೆ ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ತಾರಪ್ಪ ಅಂದಿದ್ದೆ, ಅವನು ಪ್ರೀತಿಯಿಂದ ಇಪ್ಪತ್ತು ಬೆಲ್ಟ್ ತಂದ. ಎಲ್ಲವೂ 533ರವು :-) ಆಮೇಲೆ, ಬೆಲ್ಟುಗಳನ್ನು ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ಪಟ್ಟಿಯ ಎರಡು ತುದಿ ಸೇರಿಸಿರೋದು ಅಂಟಿನಿಂದ, ಇಲ್ಲಿನ ಶಾಖಕ್ಕೂ ತೇವಕ್ಕೂ ಅದು ಸೋಲುತ್ತೆ. ಹಾಕಿದ ಹತ್ತು ಸೆಕೆಂಡಿಗೆ ಪಟ್ ಅಂತ ಹರಿದು ಕೈಗೆ ಹೊಡೆಯುತ್ತೆ. ಒಳಗಡೆ ಬಾಣದ ಗುರುತಿದ್ದರೆ ಮಷೀನಿನ ಬಾಣಕ್ಕೆ ಹೊಂದಿಸಿ ಹಾಕಿ. ವೋಲ್ಟೇಜ್ ಚಿಂತೆ ಬೇಡ, ಊರಿನಂತೆ ಇಲ್ಲೂ 230 ವೋಲ್ಟ್ 50 ಹರ್ಟ್ಸ್, ಪ್ಲಗ್ಗು ಮಾತ್ರ ಬ್ರಿಟಿಷರ ಚೌಕ ಪಿನ್ನಿನದ್ದು.

ಮುಂದಿನ ಶುಕ್ರವಾರ ಬೆಳಿಗ್ಗೆ ರಿಫಾದ ಶೆಡ್ಡಿನಲ್ಲಿ ಪಾಠ. ಅಪ್ಪ ಮೊದಲು ಹಲಗೆಯಲ್ಲಿ ಮುರಿದು ಉಳಿದ ಮೊಳೆಗಳನ್ನೆಲ್ಲ ಕಿತ್ತರು, ಒಂದು ಮೊಳೆ ಸಾಕು ಬೆಲ್ಟ್ ಹರಿಯೋಕೆ. ಆಮೇಲೆ ಪೆನ್ಸಿಲಿನಿಂದ ಹಲಗೆ ತುಂಬಾ ಗೀಟು ಎಳೆದರು. ಗೀಟು ಉಳಿದಲ್ಲಿ ತಗ್ಗು, ಅಳಿಸಿದಲ್ಲಿ ಉಬ್ಬು. ಮಷೀನು ಗಾಳಿಯಲ್ಲಿದ್ದಾಗಲೇ ಚಾಲೂ ಮಾಡಿ, ವಿಮಾನ ಇಳಿದ ಹಾಗೆ ಚಲಿಸುತ್ತಲೇ ಮರಕ್ಕೆ ತಾಗಿಸಬೇಕು. ಎತ್ತಿದ ಮೇಲೇ ನಿಲ್ಲಿಸಬೇಕು. ಮಧ್ಯೆ ಎಲ್ಲೂ ನಿಲ್ಲಬಾರದು, ಒತ್ತಬಾರದು, ಮರದ ಎಳೆಯ ಉದ್ದಕ್ಕೇ ಹೋಗಬೇಕು. ಜೀವನದಲ್ಲಿ ಈ ಮಷೀನು ಮುಟ್ಟದ ಮನುಷ್ಯ ಹತ್ತು ನಿಮಿಷದಲ್ಲಿ ಇಷ್ಟೆಲ್ಲ ಹೇಳಿಕೊಟ್ಟರು! ತೇಗದಲ್ಲಿ ಎಣ್ಣೆ ಜಾಸ್ತಿ, ಬೆಲ್ಟಿನ ಕಾಳುಗಳ ನಡುವೆ ಮೇಣದಂತೆ ಕೂತುಬಿಡುತ್ತೆ. ಅದಕ್ಕೆ ಕಂದು ರಬ್ಬರಿನ ಕಡ್ಡಿ ಸಿಗುತ್ತೆ, ಓಡುತ್ತಿರುವ ಬೆಲ್ಟಿಗೆ ಹಿಡಿದರೆ ಎಲ್ಲ ಕಿತ್ತು ಬರುತ್ತೆ. 80ರ ಬೆಲ್ಟಿನಲ್ಲಿ ಮೊದಲ ಹಲಗೆ ಮುಗಿಯುವಾಗ ಬೂದಿ ಬಣ್ಣ ಹೋಗಿ ಮರ ಹೊಳೆಯುತ್ತಿತ್ತು. ಶೆಡ್ಡಿನ ತುಂಬ ತೇಗದ ಘಮ. ಚರ್ಮದಂತೆ, ಎಣ್ಣೆಯಂತೆ... ಊರಲ್ಲಿ ಅಪ್ಪನ ಅಂಗಿಗೆ ಬರುತ್ತಿದ್ದ ಅದೇ ವಾಸನೆ.

"ಅಪ್ಪಾ, ವಾಸನೆ ನೋಡಿ" ಅಂದೆ.

"ನಂಗೆಲ್ಲಿ ವಾಸನೆ ಗೊತ್ತಾಗ್ತದೆ? ಹೋಗಿ ಹತ್ತು ವರ್ಷ ಆಯ್ತಲ್ಲ" ಅಂದರು, ಪೆನ್ಸಿಲ್ ಗೀಟು ಎಳೆಯುತ್ತಲೇ.

ನನಗೆ ಗೊತ್ತೇ ಇರಲಿಲ್ಲ. ಅಮ್ಮನಿಗೆ ಗೊತ್ತಿತ್ತಂತೆ. ಹಾಲು ಉಕ್ಕಿ ಸೀದರೂ ಪಕ್ಕದಲ್ಲೇ ಕೂತವರಿಗೆ ತಿಳಿಯುತ್ತಿರಲಿಲ್ಲವಂತೆ. ವರ್ಷವಿಡೀ ಸೋರುವ ಮೂಗು, ಬೆಳಗಿನ ಕೆಮ್ಮು, ಇವನ್ನೆಲ್ಲ ನಾವು ಮನೆಯಲ್ಲಿ 'ಅಪ್ಪನ ಶೀತ' ಅಂತಲೇ ಕರೆದುಕೊಂಡು ಬಂದಿದ್ದೆವು. ಆ ರಾತ್ರಿ ಕೂತು ಓದಿದೆ. ಮರದ ಧೂಳು ಮೂಗಿನ ಒಳಪದರವನ್ನು ವರ್ಷಗಟ್ಟಲೆ ಕೆರಳಿಸುತ್ತೆ, ವಾಸನೆ ಶಕ್ತಿ ಕುಂದುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನು ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ, ಮುಖ್ಯವಾಗಿ ಮೂಗಿನ ಕುಹರಗಳ ಕ್ಯಾನ್ಸರ್. ಕೀಸುಳಿ ಸುರುಳಿ ಸುರುಳಿಯಾಗಿ ಹೆರೆಯುತ್ತೆ, ಅದು ನೆಲಕ್ಕೆ ಬೀಳುತ್ತೆ. ಅಪಾಯ ಇರೋದು ಉಜ್ಜೋದರಲ್ಲಿ. ಕಣ್ಣಿಗೆ ಕಾಣದ ಪುಡಿ ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತೆ. ನನ್ನ ಕೈಯಲ್ಲಿದ್ದ ಮಷೀನು ಅಪ್ಪ ಒಂದು ದಿನದಲ್ಲಿ ಉಜ್ಜುವಷ್ಟನ್ನು ಕಾಲು ಗಂಟೆಯಲ್ಲಿ ಪುಡಿ ಮಾಡುತ್ತೆ.

ಎಕ್ಸೆಲ್ ಶೀಟಿನಲ್ಲಿ ಧೂಳಿನ ಚೀಲಕ್ಕೆ ಒಂದು ಕಾಲಮ್ ಇತ್ತು, 'ಇದೆ / ಇಲ್ಲ' ಅಂತ. ಎಲ್ಲದಕ್ಕೂ 'ಇದೆ' ಅಂತ ಟಿಕ್ ಹಾಕಿ ಮುಗಿಸಿದ್ದೆ. ಬಟ್ಟೆಯ ಆ ಚೀಲ ಹಿಡಿಯೋದು ದಪ್ಪ ಹೊಟ್ಟು ಮಾತ್ರ, ಸಣ್ಣ ಪುಡಿ ಬಟ್ಟೆಯಿಂದಲೇ ಸೋಸಿ ಹೊರಗೆ ಬರುತ್ತೆ. ಕೇಳಬೇಕಿದ್ದ ಪ್ರಶ್ನೆ: ಚೀಲ ತೆಗೆದರೆ ಆ ಕೊಳವೆಗೆ ವ್ಯಾಕ್ಯೂಮ್ ಪೈಪು ಕೂರುತ್ತಾ? ಅದರ ವ್ಯಾಸ ಎಷ್ಟು? ಅಡಾಪ್ಟರ್ ಸಿಗುತ್ತಾ? ಇವತ್ತು ಯಾರಾದರೂ ನನ್ನನ್ನು ಯಾವ ಸ್ಯಾಂಡರ್ ತಗೊಳ್ಳಲಿ ಅಂತ ಕೇಳಿದರೆ ಇದನ್ನೇ ಮೊದಲು ಕೇಳ್ತೀನಿ, ವಾಟ್ ಆಮೇಲೆ. ಮಷೀನಿನ ದುಡ್ಡಿನಲ್ಲಿ ಒಂದಷ್ಟನ್ನು ಒಳ್ಳೇ ಫಿಲ್ಟರ್ ಇರೋ ವರ್ಕ್‌ಶಾಪ್ ವ್ಯಾಕ್ಯೂಮಿಗೆ ಎತ್ತಿಡಿ. ಅದರ ಮೇಲೆ ಮುಖಕ್ಕೆ ಸರಿಯಾಗಿ ಕೂರುವ ಎಫ್‌ಎಫ್‌ಪಿ2 ಮಾಸ್ಕ್. ಕರ್ಚೀಫ್ ಕಟ್ಟಿಕೊಳ್ಳೋದು ಮನಸ್ಸಿನ ಸಮಾಧಾನಕ್ಕೆ ಮಾತ್ರ.

ಅಡಾಪ್ಟರ್ ಸಿಗಲಿಲ್ಲ. ಹಳೇ ಸೈಕಲ್ ಟ್ಯೂಬಿನ ತುಂಡು, ಎರಡು ಹೋಸ್ ಕ್ಲಿಪ್ ಹಾಕಿ ಜೋಡಿಸಿದ್ದೇನೆ, ಚೆನ್ನಾಗಿ ಕೆಲಸ ಮಾಡ್ತಿದೆ. ಅಪ್ಪನಿಗೆ ಮಾಸ್ಕ್ ಹಾಕಿಸೋದೇ ದೊಡ್ಡ ಜಗಳ. "ನಲವತ್ತು ವರ್ಷ ಆದ ಮೇಲೆ ಎಂತಕ್ಕಾ ಇದು?" ಅಂದರು. ಸೊಸೆ ಹೇಳಿದ ಮೇಲೆ ಹಾಕಿಕೊಂಡರು. ಊರಿಗೆ ಹೋದ ಕೂಡಲೇ ಮಣಿಪಾಲದಲ್ಲಿ ಮೂಗಿನ ಡಾಕ್ಟರಿಗೆ ತೋರಿಸೋದು ಅಂತ ಅಮ್ಮನ ಹತ್ತಿರ ಮಾತಾಗಿದೆ, ಅಪ್ಪನಿಗೆ ಇನ್ನೂ ಹೇಳಿಲ್ಲ.

ಗುಳಿ ಬಿದ್ದ ಹಲಗೆಯನ್ನು ಅಪ್ಪ ಎಸೆಯಲು ಬಿಡಲಿಲ್ಲ. ಹಿಂದೆ ಮುಂದೆ ತಿರುಗಿಸಿ ನೋಡಿ, ಆ ಮುಖ ಕೆಳಗೆ ಮಾಡಿ ತೊಟ್ಟಿಲ ತಳಕ್ಕೆ ಗುರುತು ಹಾಕಿದ್ದಾರೆ. ಹಾಸಿಗೆ ಮೇಲೆ ಬರುತ್ತೆ, ಗುಳಿ ನೆಲಕ್ಕೆ. ಬರುವ ಶುಕ್ರವಾರ 120ರ ಬೆಲ್ಟ್ ಹಾಕಬೇಕು. ಅದಾದ ಮೇಲೆ ಮಷೀನು ಎತ್ತಿಟ್ಟು, 180ರ ಕಾಗದ ಹಿಡಿದು ಇಬ್ಬರೂ ಕೈಯಲ್ಲೇ ಉಜ್ಜೋದು ಅಂತ ತೀರ್ಮಾನವಾಗಿದೆ, ವ್ಯಾಕ್ಯೂಮ್ ಪೈಪು ಪಕ್ಕದಲ್ಲೇ ಇಟ್ಟುಕೊಂಡು.