ಜಾಯ್ ಫಾಸೆಟ್: ರಕ್ಷಣಾ ಕೋಟೆ ಕಾಯ್ದ ಮೂರು ಮಕ್ಕಳ ತಾಯಿ

ಮಹಿಳಾ ಫುಟ್‌ಬಾಲ್ ಎಂದೊಡನೆ ಬಹುತೇಕ ಕ್ರೀಡಾಪ್ರಿಯರಿಗೆ ನೆನಪಾಗುವುದು 1999ರ ಜುಲೈ 10ರ ವಿಶ್ವಕಪ್ ಫೈನಲ್. ಕ್ಯಾಲಿಫೋರ್ನಿಯಾದ ರೋಸ್ ಬೌಲ್ ಕ್ರೀಡಾಂಗಣದಲ್ಲಿ ಅಂದು ಕಿಕ್ಕಿರಿದಿದ್ದ ಪ್ರೇಕ್ಷಕರ ಸಂಖ್ಯೆ 90,185. ಚೀನಾ ವಿರುದ್ಧದ ಪೆನಾಲ್ಟಿ ಶೂಟೌಟ್‌ನಲ್ಲಿ ಕೊನೆಯ ಗೋಲು ಹೊಡೆದು, ಅಂಗಿ ಕಳಚಿ ಮಂಡಿಯೂರಿದ ಬ್ರಾಂಡಿ ಚಾಸ್ಟೈನ್ ಅವರ ಚಿತ್ರ ಜಗತ್ತಿನ ಪತ್ರಿಕೆಗಳ ಮುಖಪುಟವೇರಿತು. ಆದರೆ ಅದೇ ಶೂಟೌಟ್‌ನಲ್ಲಿ ಅಮೆರಿಕದ ಪರ ಎರಡನೆಯವರಾಗಿ ಬಂದು, ಚೆಂಡನ್ನು ಬಲೆಗೆ ಸೇರಿಸಿ, ಸದ್ದಿಲ್ಲದೆ ಹಿಂದಿರುಗಿದ ಆಟಗಾರ್ತಿಯ ಹೆಸರು ಅನೇಕರಿಗೆ ಗೊತ್ತಿಲ್ಲ. ಅವರೇ ಜಾಯ್ ಫಾಸೆಟ್. ಆಗ ಅವರಿಗೆ 31 ವರ್ಷ ವಯಸ್ಸು. ಇಬ್ಬರು ಹೆಣ್ಣುಮಕ್ಕಳ ತಾಯಿ.

ರಕ್ಷಣಾ ವಿಭಾಗದಲ್ಲಿ ಆಡುವವರ ಹಣೆಬರಹವೇ ಹಾಗೆ. ಗೋಲು ಹೊಡೆದವರ ಹೆಸರು ಅಂಕಪಟ್ಟಿಯಲ್ಲಿ ದಾಖಲಾಗುತ್ತದೆ, ತಡೆದವರ ಹೆಸರಿಗೆ ಅಲ್ಲಿ ಜಾಗವಿಲ್ಲ. ಡಿಫೆಂಡರ್ ಒಬ್ಬರು 89 ನಿಮಿಷ ಚೆನ್ನಾಗಿ ಆಡಿ ಒಂದೇ ಒಂದು ನಿಮಿಷ ಎಡವಿದರೆ ಆ ಒಂದು ನಿಮಿಷವೇ ಸುದ್ದಿಯಾಗುತ್ತದೆ. ಇಂತಹ ಜಾಗದಲ್ಲಿ ನಿಂತು ಫಾಸೆಟ್ 1987ರಿಂದ 2004ರವರೆಗೆ ಅಮೆರಿಕ ತಂಡದ ಪರ 241 ಅಂತರರಾಷ್ಟ್ರೀಯ ಪಂದ್ಯಗಳನ್ನು ಆಡಿದರು. ಈ ನಡುವೆ ಮೂರು ಮಕ್ಕಳಿಗೆ ಜನ್ಮವಿತ್ತರು. ತಾಯ್ತನ ಮತ್ತು ವೃತ್ತಿಪರ ಕ್ರೀಡೆ ಜತೆಜತೆಯಾಗಿ ಸಾಗಬಲ್ಲವೇ ಎಂಬ ಪ್ರಶ್ನೆ ಇಂದಿಗೂ ಚರ್ಚೆಯಲ್ಲಿರುವಾಗ ಅವರ ಬದುಕಿನತ್ತ ಮತ್ತೊಮ್ಮೆ ನೋಡುವುದು ಉಚಿತ.

ಕಾನೂನು ತೆರೆದ ಬಾಗಿಲು

ಜಾಯ್ ಬೀಫೆಲ್ಡ್ ಜನಿಸಿದ್ದು 1968ರ ಫೆಬ್ರುವರಿ 8ರಂದು, ಕ್ಯಾಲಿಫೋರ್ನಿಯಾದ ಇಂಗಲ್‌ವುಡ್‌ನಲ್ಲಿ. ಅವರಿಗೆ ನಾಲ್ಕು ವರ್ಷವಾಗಿದ್ದಾಗ, ಅಂದರೆ 1972ರಲ್ಲಿ, ಅಮೆರಿಕದಲ್ಲಿ 'ಟೈಟಲ್ ನೈನ್' ಎಂಬ ಕಾನೂನು ಜಾರಿಗೆ ಬಂತು. ಸರ್ಕಾರದ ನೆರವು ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗ ತಾರತಮ್ಯ ಮಾಡಕೂಡದು ಎಂಬುದು ಅದರ ತಿರುಳು. ಕಾನೂನಿನ ಒಡಲಲ್ಲಿ ಕ್ರೀಡೆಯ ಪ್ರಸ್ತಾಪ ಹೆಚ್ಚಿರಲಿಲ್ಲ. ಆದರೂ ಅದರ ಫಲ ದೊಡ್ಡದಾಗಿ ಕಂಡದ್ದು ಕಾಲೇಜು ಮೈದಾನಗಳಲ್ಲಿಯೇ. ಹುಡುಗಿಯರಿಗಾಗಿ ತಂಡಗಳನ್ನು ಕಟ್ಟಬೇಕಾಯಿತು, ತರಬೇತುದಾರರನ್ನು ನೇಮಿಸಬೇಕಾಯಿತು, ವಿದ್ಯಾರ್ಥಿವೇತನ ಕೊಡಬೇಕಾಯಿತು. ಯೂರೋಪಿನ ಹಲವು ದೇಶಗಳಲ್ಲಿ ಫುಟ್‌ಬಾಲ್ ಗಂಡಸರ ಸೊತ್ತಾಗಿಯೇ ಉಳಿದಿದ್ದ ಕಾಲದಲ್ಲಿ ಅಮೆರಿಕದ ಮಹಿಳೆಯರು ಮುಂದೆ ಸಾಗಲು ಇದೇ ಮುಖ್ಯ ಕಾರಣ.

ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗಲೇ ಜಾಯ್ ರಾಷ್ಟ್ರ ಮಟ್ಟದಲ್ಲಿ ಹೆಸರು ಮಾಡಿದರು. ಅಲ್ಲಿ ಮೂರು ಬಾರಿ 'ಆಲ್ ಅಮೆರಿಕನ್' ಗೌರವಕ್ಕೆ ಪಾತ್ರರಾದರು. 1987ರಲ್ಲಿ ರಾಷ್ಟ್ರೀಯ ತಂಡದ ಬಾಗಿಲು ತೆರೆಯಿತು. 1991ರಲ್ಲಿ ಚೀನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್‌ನಲ್ಲಿ ಅಮೆರಿಕ ನಾರ್ವೆಯನ್ನು 2-1ರಿಂದ ಮಣಿಸಿ ಕಿರೀಟ ಧರಿಸಿದಾಗ ಅವರೂ ತಂಡದಲ್ಲಿದ್ದರು. ಆ ವಿಶ್ವಕಪ್‌ನ ಪಂದ್ಯಗಳ ಅವಧಿ 90 ನಿಮಿಷವಲ್ಲ, 80 ನಿಮಿಷ. ಮಹಿಳೆಯರ ಸಾಮರ್ಥ್ಯದ ಬಗ್ಗೆ ಅಂದಿನ ಫುಟ್‌ಬಾಲ್ ಆಡಳಿತಗಾರರಿಗಿದ್ದ ಅನುಮಾನಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ತೊಟ್ಟಿಲೂ ಉಂಟು, ಚೆಂಡೂ ಉಂಟು

1993ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮಹಿಳಾ ಫುಟ್‌ಬಾಲ್ ತಂಡ ಕಟ್ಟಲು ಮುಂದಾದಾಗ ಅದರ ಮೊದಲ ಮುಖ್ಯ ತರಬೇತುದಾರರಾಗಿ ಆಯ್ಕೆಯಾದವರು ಫಾಸೆಟ್. 1997ರವರೆಗೂ ಆ ಹೊಣೆ ಹೊತ್ತರು. 1994ರಲ್ಲಿ ಮೊದಲ ಮಗಳು ಹುಟ್ಟಿದಳು. ಕಾಲೇಜು ತಂಡಕ್ಕೆ ತರಬೇತಿ, ರಾಷ್ಟ್ರೀಯ ತಂಡದ ಶಿಬಿರ, ಮನೆಯಲ್ಲಿ ಹಸುಗೂಸು – ಮೂರೂ ಒಟ್ಟಿಗೆ. ಆಗ ಅಮೆರಿಕದಲ್ಲಿ ಮಹಿಳೆಯರಿಗೆ ಪೂರ್ಣಪ್ರಮಾಣದ ವೃತ್ತಿಪರ ಲೀಗ್ ಇರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಮಗು ಹುಟ್ಟಿದ ಮೇಲೆ ಆಟ ಮುಗಿಯಿತು ಎಂದು ಭಾವಿಸುವುದು ಅಂದಿನ ವಾಡಿಕೆ. ಅದಕ್ಕೆ ಕಾರಣಗಳೂ ಇದ್ದವು. ಹೆರಿಗೆಯಿಂದ ಸಡಿಲಗೊಂಡ ಹೊಟ್ಟೆ ಮತ್ತು ಸೊಂಟದ ಸ್ನಾಯುಗಳು ಮೊದಲಿನ ಬಿಗಿಗೆ ಮರಳಲು ಸಮಯ ಬೇಕು. ಡಿಫೆಂಡರ್ ಆದವರಿಗೆ ಇದು ಇನ್ನೂ ಕಷ್ಟ. ಎದುರಾಳಿ ಯಾವ ಕಡೆ ತಿರುಗುತ್ತಾಳೋ ಆ ಕಡೆಗೆ ಕ್ಷಣಾರ್ಧದಲ್ಲಿ ತಿರುಗಬೇಕು, ಹಿಂದಕ್ಕೆ ಓಡಬೇಕು, ಮೇಲಕ್ಕೆ ನೆಗೆದು ಚೆಂಡನ್ನು ತಲೆಯಿಂದ ಹೊಡೆಯಬೇಕು. ನಿದ್ದೆಗೆಟ್ಟ ರಾತ್ರಿಗಳ ಮರುದಿನವೂ ಇದೆಲ್ಲ ತಪ್ಪುವುದಿಲ್ಲ. ಮಗುವನ್ನು ಬಿಟ್ಟು ವಾರಗಟ್ಟಲೆ ಪ್ರವಾಸ ಹೋಗುವುದು ಮತ್ತೊಂದು ಸಂಕಟ.

ಫಾಸೆಟ್ ಇದಕ್ಕೆ ಕಂಡುಕೊಂಡ ದಾರಿ ಸರಳವಾದದ್ದು: ಮಗುವನ್ನೂ ಜತೆಗೆ ಕರೆದೊಯ್ಯುವುದು. ಮುಂದೆ ನಾಯಕಿ ಕಾರ್ಲಾ ಓವರ್‌ಬೆಕ್ ಕೂಡ ತಾಯಿಯಾದಾಗ ತಂಡದೊಂದಿಗೆ ಮಕ್ಕಳು ಪ್ರಯಾಣಿಸುವುದು ಸಾಮಾನ್ಯ ಸಂಗತಿಯಾಯಿತು. ಮಕ್ಕಳನ್ನು ನೋಡಿಕೊಳ್ಳುವ ಆಯಾಳ ಖರ್ಚನ್ನು ಅಮೆರಿಕದ ಫುಟ್‌ಬಾಲ್ ಫೆಡರೇಷನ್ ಭರಿಸತೊಡಗಿತು. ಮೇಲ್ನೋಟಕ್ಕೆ ಚಿಕ್ಕ ಸೌಲಭ್ಯವೆನಿಸಿದರೂ ಅದರ ಅರ್ಥ ದೊಡ್ಡದು. ಮಗುವಿನ ಪಾಲನೆ ಆಟಗಾರ್ತಿಯ ಮನೆಯ ಸಮಸ್ಯೆ ಮಾತ್ರವಲ್ಲ, ಆಕೆಯನ್ನು ದುಡಿಸಿಕೊಳ್ಳುವ ಸಂಸ್ಥೆಯ ಹೊಣೆಯೂ ಹೌದು ಎಂಬುದನ್ನು ಅದು ಒಪ್ಪಿಕೊಂಡಂತಾಯಿತು.

ಹದಿನೆಂಟು ಪಂದ್ಯ, ಒಂದು ನಿಮಿಷವೂ ತಪ್ಪಿಲ್ಲ

ತಾಯಿಯಾದ ಮೇಲೆ ಫಾಸೆಟ್ ಅವರ ಆಟ ಕಳೆಗುಂದಿತೇ? ದಾಖಲೆಗಳು ಬೇರೆಯೇ ಕಥೆ ಹೇಳುತ್ತವೆ. 1995, 1999 ಮತ್ತು 2003ರ ವಿಶ್ವಕಪ್‌ಗಳಲ್ಲಿ ಅಮೆರಿಕ ತಲಾ ಆರು ಪಂದ್ಯಗಳನ್ನು ಆಡಿತು. ಈ 18 ಪಂದ್ಯಗಳ ಪ್ರತಿಯೊಂದು ನಿಮಿಷವೂ ಫಾಸೆಟ್ ಮೈದಾನದಲ್ಲಿದ್ದರು. ಈ ಮೂರೂ ವಿಶ್ವಕಪ್‌ಗಳು ನಡೆದದ್ದು ಅವರು ತಾಯಿಯಾದ ನಂತರ.

ಮೊದಲ ವರ್ಷಗಳಲ್ಲಿ ಬಲಪಾರ್ಶ್ವದಲ್ಲಿ ಆಡುತ್ತಿದ್ದ ಅವರು ಸಮಯ ನೋಡಿ ಮುಂದಕ್ಕೆ ನುಗ್ಗುವುದರಲ್ಲಿಯೂ ನಿಪುಣೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಮಹಿಳಾ ಫುಟ್‌ಬಾಲ್‌ಗೆ ಮೊದಲ ಬಾರಿ ಸ್ಥಾನ ದೊರೆಯಿತು. ಆಗಸ್ಟ್ 1ರ ಫೈನಲ್‌ನಲ್ಲಿ ಚೀನಾ ಮತ್ತು ಅಮೆರಿಕ 1-1ರಲ್ಲಿ ಸಮಬಲ ಸಾಧಿಸಿದ್ದವು. 68ನೇ ನಿಮಿಷದಲ್ಲಿ ಮಿಯಾ ಹ್ಯಾಮ್ ನೀಡಿದ ಚೆಂಡಿನೊಂದಿಗೆ ಬಲಬದಿಯಿಂದ ಮುನ್ನುಗ್ಗಿದ ಫಾಸೆಟ್ ಅದನ್ನು ಟಿಫೆನಿ ಮಿಲ್‌ಬ್ರೆಟ್‌ಗೆ ದಾಟಿಸಿದರು. ಮಿಲ್‌ಬ್ರೆಟ್ ಗೋಲು ಹೊಡೆದರು. ಚಿನ್ನ ಅಮೆರಿಕದ ಪಾಲಾಯಿತು.

1999ರ ವಿಶ್ವಕಪ್ ಕ್ವಾರ್ಟರ್‌ಫೈನಲ್ ಇನ್ನೂ ರೋಚಕ. ಜುಲೈ 1ರಂದು ಜರ್ಮನಿ ವಿರುದ್ಧದ ಪಂದ್ಯದ ಐದನೇ ನಿಮಿಷದಲ್ಲೇ ಚಾಸ್ಟೈನ್ ತಮ್ಮದೇ ಬಲೆಯೊಳಗೆ ಚೆಂಡು ಸೇರಿಸಿ ಎದುರಾಳಿಗೆ ಉಡುಗೊರೆ ಗೋಲು ಕೊಟ್ಟಿದ್ದರು. ವಿರಾಮದ ವೇಳೆಗೆ ಅಮೆರಿಕ 1-2ರಿಂದ ಹಿಂದಿತ್ತು. ದ್ವಿತೀಯಾರ್ಧದ ಆರಂಭದಲ್ಲಿ ಅದೇ ಚಾಸ್ಟೈನ್ ಗೋಲು ಗಳಿಸಿ ಸಮ ಮಾಡಿದರು. 66ನೇ ನಿಮಿಷದಲ್ಲಿ ಶಾನನ್ ಮ್ಯಾಕ್‌ಮಿಲನ್ ಅವರ ಕಾರ್ನರ್ ಕಿಕ್‌ಗೆ ತಲೆಕೊಟ್ಟ ಫಾಸೆಟ್ ಗೆಲುವಿನ ಗೋಲು ತಂದಿತ್ತರು. ಆ ಗೋಲು ಇಲ್ಲದಿದ್ದರೆ ರೋಸ್ ಬೌಲ್ ಫೈನಲ್‌ಗೆ ಅಮೆರಿಕ ತಲುಪುತ್ತಿತ್ತೋ ಇಲ್ಲವೋ. ಒಟ್ಟು 27 ಅಂತರರಾಷ್ಟ್ರೀಯ ಗೋಲುಗಳನ್ನು ಗಳಿಸಿದ ಅವರು ನಿವೃತ್ತರಾದಾಗ ಅಮೆರಿಕದ ಡಿಫೆಂಡರ್‌ಗಳ ಪೈಕಿ ಅತಿ ಹೆಚ್ಚು ಗೋಲು ಹೊಡೆದವರಾಗಿದ್ದರು.

ಬಂದ ಲೀಗ್, ಮುಚ್ಚಿದ ಲೀಗ್

1999ರ ಯಶಸ್ಸಿನ ಅಲೆಯ ಮೇಲೆ 2001ರ ಏಪ್ರಿಲ್‌ನಲ್ಲಿ ವುಮೆನ್ಸ್ ಯುನೈಟೆಡ್ ಸಾಕರ್ ಅಸೋಸಿಯೇಷನ್ ಎಂಬ ಲೀಗ್ ಎಂಟು ತಂಡಗಳೊಂದಿಗೆ ಆರಂಭವಾಯಿತು. ಎಲ್ಲ ಆಟಗಾರ್ತಿಯರಿಗೂ ಸಂಬಳ ಕೊಟ್ಟ ಜಗತ್ತಿನ ಮೊದಲ ಮಹಿಳಾ ಫುಟ್‌ಬಾಲ್ ಲೀಗ್ ಎಂಬ ಹೆಗ್ಗಳಿಕೆ ಅದರದು. ಸ್ಥಾಪಕ ಆಟಗಾರ್ತಿಯರಲ್ಲಿ ಒಬ್ಬರಾದ ಫಾಸೆಟ್ ಸ್ಯಾನ್ ಡಿಯೆಗೊ ಸ್ಪಿರಿಟ್ ತಂಡ ಸೇರಿದರು. ಆ ವರ್ಷದ ಜೂನ್‌ನಲ್ಲಿ ಮೂರನೇ ಮಗಳು ಹುಟ್ಟಿದಳು. ಆದರೂ ಅದೇ ಋತುವಿನಲ್ಲಿ ಅವರು ಮೈದಾನಕ್ಕೆ ಮರಳಿದರು.

ಆದರೆ ಲೀಗ್‌ನ ಆಯಸ್ಸು ಹೆಚ್ಚಿರಲಿಲ್ಲ. ಖರ್ಚು ಏರುತ್ತಾ ಹೋಯಿತು, ನಿರೀಕ್ಷಿಸಿದಷ್ಟು ಪ್ರಾಯೋಜಕರು ಬರಲಿಲ್ಲ. 2003ರ ಸೆಪ್ಟೆಂಬರ್ 15ರಂದು, ಅಂದರೆ ತನ್ನದೇ ನೆಲದಲ್ಲಿ ಮತ್ತೊಂದು ವಿಶ್ವಕಪ್ ಆರಂಭವಾಗಲು ಐದು ದಿನ ಇರುವಾಗ, ಲೀಗ್ ಬಾಗಿಲು ಮುಚ್ಚಿತು. ಕೆಲಸ ಕಳೆದುಕೊಂಡ ಆಟಗಾರ್ತಿಯರೇ ದೇಶದ ಪರ ಕಣಕ್ಕಿಳಿಯಬೇಕಾಯಿತು. ಆ ಬಾರಿ ಅಮೆರಿಕ ಮೂರನೇ ಸ್ಥಾನಕ್ಕೆ ತೃಪ್ತಿಪಟ್ಟಿತು. ಮರುವರ್ಷ ಅಥೆನ್ಸ್ ಒಲಿಂಪಿಕ್ಸ್‌ನ ಚಿನ್ನದೊಂದಿಗೆ ಮಿಯಾ ಹ್ಯಾಮ್, ಜೂಲಿ ಫೌಡಿ ಮತ್ತು ಜಾಯ್ ಫಾಸೆಟ್ ಅವರ ಪೀಳಿಗೆ ನೇಪಥ್ಯಕ್ಕೆ ಸರಿಯಿತು. 2009ರಲ್ಲಿ ಫಾಸೆಟ್ ಅಮೆರಿಕದ ರಾಷ್ಟ್ರೀಯ ಸಾಕರ್ ಹಾಲ್ ಆಫ್ ಫೇಮ್ ಸೇರಿದರು.

ರೂಢಿಯಿಂದ ನಿಯಮದೆಡೆಗೆ

ಫಾಸೆಟ್ ಅವರಿಗೆ ದೊರೆತ ಅನುಕೂಲ ಒಂದು ದೇಶದ ಒಂದು ತಂಡಕ್ಕೆ ಸೀಮಿತವಾಗಿತ್ತು. ಜಗತ್ತಿನ ಉಳಿದ ಆಟಗಾರ್ತಿಯರು ಕ್ಲಬ್ ಮಾಲೀಕರ ದಯೆಯನ್ನೇ ನಂಬಬೇಕಿತ್ತು. ಫುಟ್‌ಬಾಲ್‌ನ ಅಂತರರಾಷ್ಟ್ರೀಯ ಆಡಳಿತ ಸಂಸ್ಥೆ ಫಿಫಾ ಈ ಬಗ್ಗೆ ನಿಯಮ ಜಾರಿಗೊಳಿಸಿದ್ದು 2021ರ ಜನವರಿಯಲ್ಲಿ. ಅದರ ಪ್ರಕಾರ ಕನಿಷ್ಠ 14 ವಾರಗಳ ಹೆರಿಗೆ ರಜೆ ಕೊಡಬೇಕು. ಅದರಲ್ಲಿ ಕನಿಷ್ಠ 8 ವಾರ ಹೆರಿಗೆಯ ನಂತರ ಸಿಗಬೇಕು. ರಜೆಯ ಅವಧಿಯಲ್ಲಿ ಒಪ್ಪಂದದ ಸಂಬಳದ ಮೂರನೇ ಎರಡು ಭಾಗವಾದರೂ ದೊರೆಯಬೇಕು. ಗರ್ಭಿಣಿ ಎಂಬ ಕಾರಣಕ್ಕೆ ಒಪ್ಪಂದ ರದ್ದು ಮಾಡುವಂತಿಲ್ಲ.

ಈ ನಿಯಮ ಕಾಗದದಲ್ಲಿಯೇ ಉಳಿಯಲಿಲ್ಲ ಎಂಬುದಕ್ಕೆ ಐಸ್‌ಲ್ಯಾಂಡ್‌ನ ಸಾರಾ ಬ್ಯೋರ್ಕ್ ಗುನ್ನಾರ್ಸ್‌ಡಾಟಿರ್ ಪ್ರಕರಣ ನಿದರ್ಶನ. ಗರ್ಭಿಣಿಯಾಗಿದ್ದಾಗ ಪೂರ್ತಿ ಸಂಬಳ ಬರಲಿಲ್ಲವೆಂದು ಅವರು ಫ್ರಾನ್ಸ್‌ನ ಲಿಯಾನ್ ಕ್ಲಬ್ ವಿರುದ್ಧ ದೂರಿತ್ತರು. ಕ್ಲಬ್ 82,000 ಯೂರೋಗೂ ಹೆಚ್ಚು ಬಾಕಿ ಪಾವತಿಸಬೇಕೆಂದು 2022ರಲ್ಲಿ ಫಿಫಾ ನ್ಯಾಯಮಂಡಳಿ ಆದೇಶಿಸಿತು. 2024ರಲ್ಲಿ ಮಗುವನ್ನು ದತ್ತು ಪಡೆಯುವವರಿಗೂ, ಮಹಿಳಾ ತರಬೇತುದಾರರಿಗೂ ರಕ್ಷಣೆಯನ್ನು ವಿಸ್ತರಿಸಲಾಯಿತು.

ಅಮೆರಿಕದಲ್ಲಿ 2022ರ ಮೇ ತಿಂಗಳಲ್ಲಿ ಪುರುಷರ ಮತ್ತು ಮಹಿಳೆಯರ ರಾಷ್ಟ್ರೀಯ ತಂಡಗಳಿಗೆ ಸಮಾನ ವೇತನ ನೀಡುವ ಒಪ್ಪಂದ ಏರ್ಪಟ್ಟಿತು. ಆ ಸುದ್ದಿಯ ಅಬ್ಬರದಲ್ಲಿ ಹೆಚ್ಚಿನವರ ಗಮನಕ್ಕೆ ಬಾರದೇ ಹೋದ ಅಂಶವೊಂದು ಅದರಲ್ಲಿತ್ತು. ಮಹಿಳಾ ತಂಡಕ್ಕೆ 25 ವರ್ಷಗಳಿಗೂ ಹಿಂದಿನಿಂದ ದೊರೆಯುತ್ತಿದ್ದ ಮಕ್ಕಳ ಪಾಲನೆಯ ಸೌಲಭ್ಯವನ್ನು ಇನ್ನು ಮುಂದೆ ಪುರುಷರ ತಂಡಕ್ಕೂ ನೀಡಲಾಗುವುದು ಎಂಬುದೇ ಅದು. ಹಸುಗೂಸನ್ನು ಎತ್ತಿಕೊಂಡು ಶಿಬಿರಕ್ಕೆ ಬಂದ ತಾಯಂದಿರು ಹಾಕಿಕೊಟ್ಟ ದಾರಿಯಲ್ಲಿ ಈಗ ತಂದೆಯರೂ ನಡೆಯುತ್ತಿದ್ದಾರೆ.